‘ಇರಿಗೇಷನ್’ನಲ್ಲಿ ‘ಅಲ್ಲ’ ಎಲ್ಲಿದೆ?

ಪ್ರಶ್ನೆ: ಸರ್, ಇಂಗ್ಲಿಷಿನಾಗ ವಿರುದ್ಧ ಪದ ಬರೀರಿ ಅಂದ್ರ ಅನ್, ಇನ್, ಡಿಸ್ ಇದರಾಗ ಯಾವುದು ಹಚ್ಚಬೇಕು ತಿಳಿಯೂದಿಲ್ಲ. ‘ಅನ್‌ಪಾಸಿಬಲ್’ ಬರೆದು ಅಂಕ ಹೋತು. ಒಂದ ನಿಯಮ ಹೇಳ್ರಿ.
— ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಎಲ್ಲಕ್ಕೂ ಹೊಂದುವ ಒಂದೇ ನಿಯಮ ಇಲ್ಲಮ್ಮ. ಇದೆ ಎಂದು ಹೇಳಿ ಪಟ್ಟಿ ಮಾರುವವರಿಂದ ದೂರ ಇರಿ. ‘ಅನ್’ ಹಳೆಯ ಇಂಗ್ಲಿಷಿನದೇ ಸ್ವಂತ ಸೊತ್ತು. ‘ಇನ್’, ‘ಡಿಸ್’ ಲ್ಯಾಟಿನ್ ಮೂಲದವು. ಎರಡು ಮನೆತನದ ಪದಗಳು ಶತಮಾನಗಳಿಂದ ಬೆರೆತುಹೋಗಿವೆ. ಆದರೂ ಕಣ್ಣಿಗೆ ಬೀಳುವ ಗುರುತುಗಳಿವೆ. ಅವನ್ನು ಹಿಡಿದರೆ ಊಹೆ ಬಹಳ ಸಲ ಸರಿಹೋಗುತ್ತದೆ.

ಮೊದಲು ‘ಇನ್’ನ ವೇಷಗಳು. ಪಿ, ಬಿ, ಎಂ ಅಕ್ಷರದ ಮುಂದೆ ಅದು ‘ಇಮ್’ ಆಗುತ್ತದೆ: ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮೆಚ್ಯೂರ್. ಎಲ್ ಮುಂದೆ ‘ಇಲ್’: ಇಲ್ಲೀಗಲ್, ಇಲ್ಲಿಟರೇಟ್. ಆರ್ ಮುಂದೆ ‘ಇರ್’: ಇರ್ರೆಗ್ಯುಲರ್. ಇದನ್ನು ಬಾಯಿಪಾಠ ಮಾಡುವುದು ಬೇಡ, ನಿಮ್ಮ ಬಾಯಿಗೆ ಇದು ಮೊದಲೇ ಗೊತ್ತು. ‘ಸಂತೆ’ ಅನ್ನುವಾಗ ಸೊನ್ನೆ ‘ನ್’ ಆಗುತ್ತದೆ, ‘ಸಂಬಳ’ ಅನ್ನುವಾಗ ಅದೇ ಸೊನ್ನೆ ‘ಮ್’ ಆಗುತ್ತದೆ. ಉತ್ ಮತ್ತು ಲಂಘನ ಸೇರಿ ‘ಉಲ್ಲಂಘನ’ ಆದದ್ದೂ ಇದೇ ದಾರಿ. ಬರೆಯುವಾಗ ಮಾತ್ರ ಎಚ್ಚರ: ಇಂತಲ್ಲಿ ಎಲ್, ಎಂ, ಆರ್ ಎರಡೆರಡು ಬರುತ್ತವೆ. ಒಂದು ಅಕ್ಷರ ಪೂರ್ವಪ್ರತ್ಯಯದ್ದು (ಪದದ ಆರಂಭಕ್ಕೆ ಹಚ್ಚುವ ತುಂಡು), ಇನ್ನೊಂದು ಮೂಲಪದದ್ದು.

‘ಅನ್’ ಹೀಗೆ ವೇಷ ಬದಲಿಸುವುದೇ ಇಲ್ಲ. ಅನ್‌ಪಾಪ್ಯುಲರ್, ಅನ್‌ಲಕ್ಕಿ, ಅನ್‌ರಿಯಲ್ ಎಲ್ಲದರಲ್ಲೂ ಅದು ಅನ್ನೇ.

ಇನ್ನು ಗುರುತುಗಳಿಗೆ ಬರೋಣ. ಪದದ ಕೊನೆ ನೋಡಿ. ಐ-ಬಿ-ಎಲ್-ಇ ಎಂದು ಮುಗಿದರೆ ಹೆಚ್ಚಾಗಿ ‘ಇನ್’ ಮನೆತನ: ಇನ್‌ವಿಸಿಬಲ್, ಇನ್‌ಫ್ಲೆಕ್ಸಿಬಲ್, ಇರ್ರೆಸ್ಪಾನ್ಸಿಬಲ್. ಇ-ಡಿ, ಐ-ಎನ್-ಜಿ ಅಥವಾ ವೈ ಎಂದು ಮುಗಿದ ಗುಣವಾಚಕಕ್ಕೆ ಹೆಚ್ಚಾಗಿ ‘ಅನ್’: ಅನ್‌ಫಿನಿಷ್ಡ್, ಅನ್‌ವಿಲ್ಲಿಂಗ್, ಅನ್‌ಹೆಲ್ದಿ. ‘ಇನ್‌ಎಕ್ಸ್‌ಪೀರಿಯೆನ್ಸ್ಡ್’, ‘ಡಿಸ್‌ಸ್ಯಾಟಿಸ್‌ಫೈಡ್’ ಈ ಸಾಲು ತಪ್ಪುತ್ತವೆ, ಅವನ್ನು ಬೇರೆ ಬರೆದಿಟ್ಟುಕೊಳ್ಳಿ.

ಹೆಚ್ಚು ಅಂಕ ಹೋಗುವುದು ಬೇರೆ ಕಡೆ. ಗುಣವಾಚಕಕ್ಕೆ ‘ಅನ್’ ಇದ್ದರೂ ಅದರ ನಾಮಪದಕ್ಕೆ ‘ಇನ್’ ಬರುವ ಜೋಡಿಗಳಿವೆ. ಅನ್‌ಏಬಲ್, ಆದರೆ ಇನ್‌ಎಬಿಲಿಟಿ. ಅನ್‌ಸ್ಟೇಬಲ್, ಆದರೆ ಇನ್‌ಸ್ಟೆಬಿಲಿಟಿ. ಅನ್‌ಈಕ್ವಲ್, ಆದರೆ ಇನ್‌ಈಕ್ವಾಲಿಟಿ. ಅನ್‌ಜಸ್ಟ್, ಆದರೆ ಇನ್‌ಜಸ್ಟಿಸ್. ‘ಅನ್‌ಜಸ್ಟಿಸ್’ ಎಂದು ಭಾಷಣದಲ್ಲೂ ಕೇಳುತ್ತೇವೆ, ಅದು ತಪ್ಪು.

ಕ್ರಿಯಾಪದಕ್ಕೆ ‘ಅನ್’ ಹತ್ತಿದರೆ ಅರ್ಥ ‘ಇಲ್ಲ’ ಅಲ್ಲ, ‘ಮಾಡಿದ್ದನ್ನು ಬಿಚ್ಚು’ ಎಂದು. ಫ್ಯಾಕ್ಟರಿ ಅಂಗಳದಲ್ಲಿ ಕಬ್ಬು ‘ಅನ್‌ಲೋಡ್’ ಮಾಡುವುದೆಂದರೆ ಹೇರಿದ್ದನ್ನು ಇಳಿಸುವುದು. ಹೇರದೇ ಇರುವುದಲ್ಲ. ‘ಡಿಸ್’ ಕ್ರಿಯಾಪದದ ಜೊತೆ ಎರಡೂ ಕೆಲಸ ಮಾಡುತ್ತದೆ: ‘ಡಿಸ್‌ಕನೆಕ್ಟ್’ ಬಿಚ್ಚುವುದು, ‘ಡಿಸ್‌ಅಗ್ರೀ’ ಒಪ್ಪದಿರುವುದು. ‘ಮಿಸ್’ ಅಂದರೆ ತಪ್ಪಾಗಿ: ಮಿಸ್‌ಯೂಸ್.

ಈಗ ಪಟ್ಟಿಯ ಪುಸ್ತಕಗಳು ಹೇಳದ ಮಾತು. ಇಂಗ್ಲಿಷಿನಲ್ಲಿ ಎರಡು ‘ಇನ್’ ಇವೆ. ಒಂದು ‘ಅಲ್ಲ’, ಇನ್ನೊಂದು ‘ಒಳಗೆ’. ಎರಡನೆಯದೂ ಅದೇ ವೇಷಗಳನ್ನು ಹಾಕುತ್ತದೆ. ಆಲಮಟ್ಟಿ ಕಾಲುವೆಯ ಬೋರ್ಡಿನ ‘ಇರಿಗೇಷನ್’ ನೋಡಿ. ಅದರ ‘ಇರ್’ ಒಳಗೆ ನೀರು ಹರಿಸುವ ‘ಇರ್’. ‘ಇರ್ ಅಂದರೆ ಇಲ್ಲ’ ಎಂದು ಉರು ಹೊಡೆದ ಹುಡುಗ ಅಲ್ಲೇ ಎಡವುತ್ತಾನೆ. ‘ಇಂಪೋರ್ಟ್’ ಕೂಡ ಹೀಗೆ, ಒಳಗೆ ತರುವುದು. ಟ್ಯಾಂಕರಿನ ಹಿಂದೆ ‘ಇನ್‌ಫ್ಲೇಮಬಲ್’ ಎಂದಿದ್ದರೆ ಅದು ಬೆಂಕಿ ಹತ್ತುವ ವಸ್ತು. ‘ಫ್ಲೇಮಬಲ್’ ಅಂದರೂ ಅದೇ ಅರ್ಥ. ಇಲ್ಲಿ ಅರ್ಧ ಕಲಿತರೆ ಹೋಗುವುದು ಅಂಕ ಅಲ್ಲ, ಜೀವ. ‘ಇನ್‌ವ್ಯಾಲ್ಯುಬಲ್’ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಆಸ್ಪತ್ರೆಯ ಬೋರ್ಡಿನ ‘ಇನ್‌ಪೇಷಂಟ್’ ಒಳರೋಗಿ, ‘ಇಂಪೇಷಂಟ್’ ತಾಳ್ಮೆಗೆಟ್ಟವರು.

ಆದ್ದರಿಂದ ಹೊಸ ಪದ ಸಿಕ್ಕಾಗ ಪೂರ್ವಪ್ರತ್ಯಯ ತೆಗೆದು ನೋಡಿ. ಉಳಿದದ್ದು ನಿಮಗೆ ಗೊತ್ತಿರುವ ಪದವೇ? ಹೌದಾದರೆ, ಆ ಅರ್ಥ ವಾಕ್ಯಕ್ಕೆ ಕೂಡುತ್ತದೆಯೇ? ಎರಡಕ್ಕೂ ಹೌದು ಬಂದರೆ ಮುಂದೆ ಓದಿ. ಒಂದಕ್ಕೆ ಇಲ್ಲ ಬಂದರೂ ಡಿಕ್ಷನರಿ ತೆರೆಯಿರಿ. ‘ಅಂಕಲ್’ನಲ್ಲಿ ಅನ್ ಇಲ್ಲ, ‘ಮಿಷನ್’ನಲ್ಲಿ ಮಿಸ್ ಇಲ್ಲ, ‘ರೀಚ್’ನಲ್ಲಿ ರಿ ಇಲ್ಲ.

ನೋಟ್‌ಬುಕ್ಕಿನಲ್ಲಿ ಪ್ರತ್ಯಯಗಳ ಪಟ್ಟಿ ಬೇಡ. ಪುಟಕ್ಕೆ ಒಂದು ಮೂಲಪದ, ನಾಲ್ಕು ಕಾಲಂ: ಕ್ರಿಯಾಪದ, ನಾಮಪದ, ಗುಣವಾಚಕ, ಕ್ರಿಯಾವಿಶೇಷಣ. ‘ಡಿಸೈಡ್’ ಬರೆದರೆ ಡಿಸಿಷನ್, ಡಿಸೈಸಿವ್, ಡಿಸೈಸಿವ್ಲಿ ಬರುತ್ತವೆ. ಕೆಳಗೆ ವಿರುದ್ಧಗಳು: ಅನ್‌ಡಿಸೈಡೆಡ್, ಇನ್‌ಡಿಸಿಷನ್. ಮೇಲೆ ಹೇಳಿದ ಗುರುತುಗಳು ಈ ಒಂದೇ ಪುಟದಲ್ಲಿ ಕಾಣುತ್ತವೆ. ಪ್ರತಿ ಪದಕ್ಕೂ ನಿಮ್ಮದೇ ಒಂದು ವಾಕ್ಯ ಬರೆಯಿರಿ. ಡಿಕ್ಷನರಿಯಲ್ಲಿ ಸಿಗದ ಪದಕ್ಕೆ ಕಾಲಂ ಖಾಲಿ ಬಿಡಿ, ಸ್ವಂತ ಪದ ಹುಟ್ಟಿಸಿ ತುಂಬಬೇಡಿ. ದಿನಕ್ಕೆ ಒಂದು ಪುಟ ಸಾಕು.

ಪ್ರಶ್ನೆ: ಐವತ್ತು ಪ್ರತ್ಯಯ ಕಲಿತರೆ ತಿಂಗಳಲ್ಲಿ ಐದು ಸಾವಿರ ಪದ ಬರುತ್ತವೆ ಎಂದು ಕೋಚಿಂಗ್‌ನವರು ಪಿಡಿಎಫ್ ಕೊಟ್ಟಿದ್ದಾರೆ. ನಂಬಬಹುದೇ?
— ಎಫ್‌ಡಿಎ ಅಭ್ಯರ್ಥಿ, ವಿಜಯಪುರ

ಉತ್ತರ: ನಂಬಬೇಡಿ. ಪ್ರತ್ಯಯ ಎಲ್ಲ ಪದಕ್ಕೂ ಹತ್ತುವುದಿಲ್ಲ. ಕನ್ನಡದಲ್ಲಿ ‘ಬಡತನ’ ಇದೆ, ಆ ಅರ್ಥದಲ್ಲಿ ‘ಬಡಿಕೆ’ ಇಲ್ಲ. ಹಾಗೆಯೇ ‘ಅರೇಂಜ್‌ಮೆಂಟ್’ ಇದೆ, ‘ಅರೈವ್‌ಮೆಂಟ್’ ಇಲ್ಲ, ಅದು ‘ಅರೈವಲ್’. ಗುಣಾಕಾರ ಮಾಡಿ ಪದ ಎಣಿಸುವವರು ನಿಮ್ಮ ಪರೀಕ್ಷೆ ಬರೆಯುವುದಿಲ್ಲ. ಆ ದುಡ್ಡಿಗೆ ಒಂದು ಒಳ್ಳೆಯ ಡಿಕ್ಷನರಿ ಬರುತ್ತದೆ.

ಪ್ರಶ್ನೆ: ‘ಲಿ’ ಹಚ್ಚಿದರೆ ಕ್ರಿಯಾವಿಶೇಷಣ ಆಗುತ್ತದಲ್ಲವೇ? — ಗೋಕಾಕ

ಉತ್ತರ: ಯಾವಾಗಲೂ ಅಲ್ಲ. ‘ಫ್ರೆಂಡ್ಲಿ’, ‘ಕಾಸ್ಟ್ಲಿ’ ಗುಣವಾಚಕಗಳು. ‘ಹಾರ್ಡ್ಲಿ’ ಅಂದರೆ ಕಷ್ಟಪಟ್ಟು ಅಲ್ಲ, ‘ಇಲ್ಲವೆನ್ನುವಷ್ಟು ಕಡಿಮೆ’.

ಪ್ರಶ್ನೆ: ‘ಬ್ಯೂಟಿಫುಲ್’ ಕೊನೆಗೆ ಎಲ್ ಎಷ್ಟು? — ಇಳಕಲ್

ಉತ್ತರ: ಒಂದೇ. ‘ಬ್ಯೂಟಿ’ಯ ವೈ ಕೂಡ ಐ ಆಗುತ್ತದೆ.

ಪ್ರಶ್ನೆ: ಮಗಳು ಮೂರನೇ ತರಗತಿ. ನೂರು ಪ್ರಿಫಿಕ್ಸ್-ಸಫಿಕ್ಸ್ ಬಾಯಿಪಾಠ ಮಾಡಿಸಲೇ? — ಪಾಲಕರು, ಬೆಳಗಾವಿ

ಉತ್ತರ: ಬೇಡವೇ ಬೇಡ. ಮೂಲಪದಗಳೇ ಇಲ್ಲದ ಮಗುವಿಗೆ ಪ್ರತ್ಯಯ ಹಚ್ಚಲು ಜಾಗವೇ ಇರುವುದಿಲ್ಲ. ಕಥೆ ಓದಿಸಿ. ‘ಅನ್‌ಲಾಕ್’, ‘ರೀಚಾರ್ಜ್’, ‘ಪ್ರಿಪೇಯ್ಡ್’ ಅವಳ ಕಿವಿಗೆ ಆಗಲೇ ಬಿದ್ದಿವೆ. ಕೇಳಿದಾಗ ಅವನ್ನು ಬಿಡಿಸಿ ತೋರಿಸಿ, ಕೇಳದಿದ್ದರೆ ಸುಮ್ಮನಿರಿ.