ರ‍್ಯಾಂಡಮ್ ಎಫೆಕ್ಟ್ಸ್ ಮಾಡೆಲಿನಲ್ಲಿ ಬಂದ 0.4 ಅನ್ನು ಹೇಗೆ ಓದಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹಲವು ಕಂಪನಿಗಳ 8 ವರ್ಷದ ಪ್ಯಾನೆಲ್ ಡೇಟಾಕ್ಕೆ (ಅವೇ ಕಂಪನಿಗಳನ್ನು ವರ್ಷ ವರ್ಷವೂ ಅಳೆದ ಡೇಟಾ) ಈ ಮಾಡೆಲ್ ಹಾಕಿದ್ದೀರಿ. ಇದು ಪ್ರತಿ ಕಂಪನಿಗೂ ಇರುವ ಸ್ವಂತ ಮಟ್ಟವನ್ನು ಆಕಸ್ಮಿಕ ಏರಿಳಿತ ಅಂತ ಎಣಿಸುತ್ತದೆ. ತರಬೇತಿ ಗಂಟೆಗಳ ಗುಣಾಂಕ 0.4 ಬಂದಿದೆ. ಅಂದರೆ ಒಂದು ಕಂಪನಿ ತರಬೇತಿಯನ್ನು ಒಂದು ಗಂಟೆ ಹೆಚ್ಚಿಸಿದರೆ ಉತ್ಪಾದನೆ 0.4 ಏರುತ್ತದೆಯೇ?

ಸುಮ್ನೆ ಹಾಗೆ ಓದಲು ಬರುವುದಿಲ್ಲ. ಆ 0.4ರಲ್ಲಿ ಎರಡು ಹೋಲಿಕೆಗಳು ಬೆರೆತಿವೆ. ಒಂದು, ಅದೇ ಕಂಪನಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಅನ್ನುವುದು. ಇನ್ನೊಂದು, ಜಾಸ್ತಿ ತರಬೇತಿ ಕೊಡುವ ಕಂಪನಿಗೂ ಕಡಿಮೆ ಕೊಡುವ ಕಂಪನಿಗೂ ಇರುವ ವ್ಯತ್ಯಾಸ.

ಬೆರಕೆ ಎಷ್ಟು ಅನ್ನುವುದನ್ನು ಥೀಟಾ ಅನ್ನುವ ಸಂಖ್ಯೆ ಹೇಳುತ್ತದೆ. ಪ್ರತಿ ಅಳತೆಯಿಂದ ಕಂಪನಿಯ ಸರಾಸರಿಯ ಥೀಟಾದಷ್ಟು ಪಾಲನ್ನು ಮಾಡೆಲ್ ಕಳೆಯುತ್ತದೆ. ಕಂಪನಿಗಳ ನಡುವಿನ ವೇರಿಯನ್ಸ್ (ಏರಿಳಿತದ ಅಳತೆ) 3, ಉಳಿದ ದೋಷದ್ದು 1 ಅಂತಿರಲಿ. 8 ವರ್ಷಕ್ಕೆ ಥೀಟಾ = 1 − √(1/(1 + 8×3)) = 1 − √(1/25) = 0.8. ಅದು 1 ಆದರೆ ಫಿಕ್ಸೆಡ್ ಎಫೆಕ್ಟ್ಸ್ (ಕಂಪನಿಯೊಳಗಿನ ಹೋಲಿಕೆ ಮಾತ್ರ), 0 ಆದರೆ ಕಂಪನಿಗಳನ್ನು ಬೇರ್ಪಡಿಸದ ಮಾಮೂಲಿ ರಿಗ್ರೆಶನ್.

ಔಟ್‌ಪುಟ್‌ನಲ್ಲಿ ಕಾಣುವ ರೋ ಬೇರೆ. ಒಟ್ಟು ವೇರಿಯನ್ಸ್ನಲ್ಲಿ ಕಂಪನಿಗಳ ನಡುವಿನ ಪಾಲು ಎಷ್ಟು ಅನ್ನುವುದು ಅದು; ಇಲ್ಲಿ 3/4, ಅಂದರೆ 0.75. ಮಾಡೆಲ್ ಸರಿಯೋ ತಪ್ಪೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಜವಾದ ತಲೆನೋವು ಬೇರೆ ಕಡೆ ಇದೆ. ಒಳ್ಳೆಯ ಆಡಳಿತವಿರುವ ಕಂಪನಿಯೇ ತರಬೇತಿಯನ್ನೂ ಜಾಸ್ತಿ ಕೊಡುತ್ತದೆ ಅಲ್ವಾ? ಹಾಗಿದ್ದರೆ 0.4ರೊಳಗೆ ಆಡಳಿತದ ಪಾಲೂ ನುಸುಳಿರುತ್ತದೆ. 1978ರ ಹೌಸ್‌ಮನ್ ಪರೀಕ್ಷೆ ಈ ಮಾಡೆಲ್ ಮತ್ತು ಫಿಕ್ಸೆಡ್ ಎಫೆಕ್ಟ್ಸ್ ಗುಣಾಂಕಗಳನ್ನು ಹೋಲಿಸಿ ನೋಡುವುದು ಇದನ್ನೇ. ನನಗೆ ಅದೇ ವರ್ಷದ ಮುಂಡ್‌ಲಾಕ್ ದಾರಿ ಹೆಚ್ಚು ಇಷ್ಟ: ಪ್ರತಿ ಕಂಪನಿಯ ಸರಾಸರಿ ತರಬೇತಿಯನ್ನೂ ಒಂದು ಚರವಾಗಿ ಸೇರಿಸಿ. ಆಗ ತರಬೇತಿಯ ಗುಣಾಂಕ ಕಂಪನಿಯೊಳಗಿನ ಬದಲಾವಣೆಯದ್ದು ಮಾತ್ರ. ಸರಾಸರಿಯ ಗುಣಾಂಕ ಎರಡು ಹೋಲಿಕೆಗಳ ನಡುವಿನ ಅಂತರ. ಅದು ಸೊನ್ನೆಯ ಹತ್ತಿರವಿದ್ದು, ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಕೂಡ ಚಿಕ್ಕದಿದ್ದರೆ, ನಿಮ್ಮ 0.4 ಅನ್ನು ಅದೇ ಕಂಪನಿಯೊಳಗಿನ ಬದಲಾವಣೆ ಅಂತ ಓದಬಹುದು.