ಜರ್ಮನಿಯ ಬವೇರಿಯಾ ಪ್ರಾಂತ್ಯದ ಪಿಂಗಾಣಿ ಕಾಫಿ ಸೆಟ್ಟಿನ ಚಿನ್ನದ ಅಂಚು ಮಸುಕಾದ ಬಗ್ಗೆ

ಡಿಶ್‌ವಾಷರ್‌ನಲ್ಲಿ ತೊಳೆದ ಮೇಲೆ ಬಟ್ಟಲುಗಳ ಚಿನ್ನದ ಅಂಚು ಮಸುಕಾಯಿತೆಂದು ಬರೆದಿದ್ದೀರಿ; ಆ ಯಂತ್ರಕ್ಕೆ ಹಾಕುವ ಕ್ಷಾರಯುಕ್ತ ಪುಡಿ ಮತ್ತು ಬಿಸಿಯೇ ಬಹುತೇಕ ಇದಕ್ಕೆ ಕಾರಣ. ಇಂತಹ ಸೆಟ್ಟುಗಳಲ್ಲಿ ಚಿನ್ನವನ್ನು ಗ್ಲೇಜಿನ, ಅಂದರೆ ಪಿಂಗಾಣಿಯ ಗಾಜಿನಂತಹ ಹೊಳಪು ಪದರದ ಮೇಲೆ ಬಲು ತೆಳುವಾಗಿ ಬಳಿದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಟ್ಟಿರುತ್ತಾರೆ. ಅದನ್ನು ಕಾಪಾಡಲು ಮೇಲೆ ಬೇರೆ ಪದರವಿರುವುದಿಲ್ಲ. ಆದರೆ ಚಿನ್ನವೇ ಸವೆದಿದೆಯೋ, ಬರಿಯ ಸುಣ್ಣದ ಕಲೆ ಕೂತಿದೆಯೋ ಎಂಬುದನ್ನು ನೋಡದೆ ಖಚಿತವಾಗಿ ಹೇಳಲಾಗದು.

ಮೊದಲು ಒಂದೇ ಒಂದು ಬಟ್ಟಲನ್ನು, ಸ್ವಲ್ಪ ಸೌಮ್ಯ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೃದುವಾದ ಬಟ್ಟೆಯಿಂದ ಒರೆಸಿ, ಒಣಗಿಸಿ, ಹಗಲಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹೊಳಪು ಮರಳಿದರೆ ಉಳಿದವನ್ನೂ ಹಾಗೆಯೇ ತೊಳೆಯಬಹುದು. ಅಡಿಯ ಬಿಳುಪು ಇಣುಕಿದರೆ ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಹೋದ ಚಿನ್ನ ಉಜ್ಜಿದರೆ ಬಾರದು. ಹಿತ್ತಾಳೆಗೆ ಒಗ್ಗುವ ಹುಣಸೆಹಣ್ಣು, ಬೂದಿ ಇಲ್ಲಿ ಬೇಡವೇ ಬೇಡ. ಮೈಕ್ರೊವೇವ್‌ನಲ್ಲಿಯೂ ಇಡಬೇಡಿ, ಕಿಡಿ ಹಾರುತ್ತದೆ.

ಮರುಲೇಪನ ಮಾಡಿಸಲೇ ಎಂದೂ ಕೇಳಿದ್ದೀರಿ. ತಳದ ಮುದ್ರೆಯಲ್ಲಿ ‘ಯು.ಎಸ್. ಜೋನ್’ ಎಂದಿದ್ದರೆ, ಅದು ಎರಡನೆಯ ಮಹಾಯುದ್ಧದ ನಂತರ ಬವೇರಿಯಾ ಅಮೆರಿಕನ್ನರ ಆಡಳಿತದಲ್ಲಿದ್ದ ಸುಮಾರು 1945ರಿಂದ 1949ರ ಅವಧಿಯದು. ಅಂತಹ ಸೆಟ್ಟಿಗೆ ಹೊಸ ಚಿನ್ನ ಬಳಿಸುವುದಕ್ಕಿಂತ ಸವೆದ ಮೂಲವನ್ನೇ ಉಳಿಸಿಕೊಳ್ಳುವುದು ಲೇಸೆಂಬುದು ನನ್ನ ಅಭಿಪ್ರಾಯ.