ಇಚಿರೊ ಬೇರೆಯವರಿಗಿಂತ ಜಾಸ್ತಿ ದುಡಿದರಾ?

ಜಪಾನಿನ ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿ ಗೆದ್ದದ್ದು ಎಲ್ಲರಿಗಿಂತ ಜಾಸ್ತಿ ದುಡಿದದ್ದಕ್ಕೇ ಅಲ್ವಾ, ಮಗನಿಗೆ ಹಾಗೇ ಹೇಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಹೇಳಬೇಡಿ, ಅವರೇ ಅದನ್ನು ಒಪ್ಪುವುದಿಲ್ಲ. 2019ರಲ್ಲಿ ಟೋಕಿಯೊದಲ್ಲಿ ನಿವೃತ್ತಿ ಘೋಷಿಸಿದಾಗ ಅವರು ಹೇಳಿದ್ದರ ಸಾರ ಇಷ್ಟು: ಇನ್ನೊಬ್ಬರಿಗಿಂತ ಜಾಸ್ತಿ ಶ್ರಮಪಟ್ಟೆ ಅಂತ ಹೇಳಲಾಗದು, ಅಳತೆಗೋಲು ನನ್ನೊಳಗೇ ಇದೆ. ನನ್ನ ಮಿತಿಯನ್ನು ಸ್ವಲ್ಪ ದಾಟುವುದು, ಮತ್ತೆ ಮತ್ತೆ ಸ್ವಲ್ಪ ದಾಟುವುದು, ಅಷ್ಟೇ.

ನನಗೆ ಇನ್ನೂ ಹಿಡಿಸಿದ್ದು 2013ರ ಮಾತು. ಆಗ ಅವರು ಅಮೆರಿಕದ ಯಾಂಕೀಸ್ ತಂಡದಲ್ಲಿದ್ದರು. ಜಪಾನ್, ಅಮೆರಿಕ ಎರಡೂ ಕಡೆಯದು ಸೇರಿ 4,000ನೇ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು) ಬಂತು. ಎಲ್ಲರೂ ಆ ಸಂಖ್ಯೆಯನ್ನೇ ಕೊಂಡಾಡಿದರೆ, ಅವರು ನೆನೆದದ್ದು ಅದರ ಹಿಂದಿನ 8,000ಕ್ಕೂ ಹೆಚ್ಚು ಸೋಲುಗಳನ್ನು. ಅವನ್ನು ಎದುರಿಸುತ್ತಾ ಬಂದೆ ಅನ್ನುವುದೇ ಅವರಿಗೆ ಹೆಮ್ಮೆ. ಬೇಸ್‌ಬಾಲ್ ಅಂಥ ಆಟ. ಹತ್ತಕ್ಕೆ ಮೂರು ಸಲ ಹಿಟ್ ಹೊಡೆದರೆ ಒಳ್ಳೆಯ ಬ್ಯಾಟರ್. ಉಳಿದ ಏಳು ಸಲ ಸುಮ್ನೆ ವಾಪಸ್ ಬರಬೇಕು!

ಹಾಗಂತ ದುಡಿಮೆ ಕಡಿಮೆಯಿತ್ತು ಅಂತಲ್ಲ. ತಮ್ಮ ಗ್ಲೌ ತಾವೇ ಉಜ್ಜಿ ಚೊಕ್ಕ ಮಾಡುತ್ತಿದ್ದರು. ಬ್ಯಾಟುಗಳಿಗೆ ತೇವ ತಾಗದಂತೆ ಬೇರೆಯೇ ಪೆಟ್ಟಿಗೆ. 2004ರಲ್ಲಿ ಒಂದೇ ಸೀಸನ್ನಿನಲ್ಲಿ 262 ಹಿಟ್ ಹೊಡೆದು, 1920ರಿಂದ ಉಳಿದಿದ್ದ ಜಾರ್ಜ್ ಸಿಸ್ಲರ್ ಅವರ 257ರ ದಾಖಲೆ ಮುರಿದರು.

ಮಗ ಪಕ್ಕದ ಹುಡುಗನ ಪ್ರಾಕ್ಟೀಸ್ ಗಂಟೆ ಎಣಿಸುತ್ತಾನೆ ಅಂದಿರಲ್ಲ, ಹೋದ ವಾರ ಆಗದ್ದು ಈ ವಾರ ಏನಾಯ್ತು ಅಂತ ಅವನನ್ನು ಕೇಳಿ ನೋಡಿ.